ಗಾದಿಯೋ, ಗಾಳಿಕೊಡೆಯೋ?

ಯುದ್ಧ ವಿಮಾನದಲ್ಲಿ ಪೈಲಟ್ ಯಾವುದರ ಮೇಲೆ ಕೂರುತ್ತಿದ್ದ? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ ಬಾರ್ಶಿಯ ರೈಲು, ಮೈಸೂರಿನ ರೇಷ್ಮೆ, ದಾಬೋಳಿಯ ರನ್‌ವೇ ಎಲ್ಲವೂ ಸಿಗುತ್ತವೆ.

ಗೋವೆಯ ಬೊಗ್ಮಾಲೊ ಕಡಲತೀರಕ್ಕೆ ಹೋಗುವ ದಾರಿಯಲ್ಲಿ, ದಾಬೋಳಿ ವಿಮಾನ ನಿಲ್ದಾಣದ ಮಗ್ಗುಲಲ್ಲೇ, ನೌಕಾಪಡೆಯ ವಿಮಾನ ವಸ್ತುಸಂಗ್ರಹಾಲಯವಿದೆ. 1998ರಲ್ಲಿ ಶುರುವಾದ ಈ ಸಂಗ್ರಹಾಲಯದ ಅಂಗಳದಲ್ಲಿ ಸೀ ಹಾಕ್, ಅಲಿಝೆ, ಸೂಪರ್ ಕಾನ್‌ಸ್ಟಲೇಶನ್ ಮುಂತಾದ ನಿವೃತ್ತ ವಿಮಾನಗಳು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿವೆ. ರಜೆಗೆಂದು ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಬಂದವರು ರೆಕ್ಕೆ ಮಡಚುವ ಬಗೆಯನ್ನು ನೋಡುತ್ತಾರೆ, ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಷ್ಟು ವೇಗ, ಎಷ್ಟು ಬಾಂಬು, ಎಷ್ಟು ದೂರ ಎಂಬ ಲೆಕ್ಕಗಳನ್ನು ಫಲಕದ ಮೇಲೆ ಓದುತ್ತಾರೆ. ಇದರೊಳಗೆ ಕೂತವನು ಯಾವುದರ ಮೇಲೆ ಕೂತಿದ್ದ ಎಂದು ಕೇಳುವವರು ಅಪರೂಪ. ಕೇಳಬೇಕಾದ ಪ್ರಶ್ನೆ ಅದೇ ಎಂಬುದು ಈ ಲೇಖನದ ವಾದ. ಪೈಲಟ್‌ನ ಆಸನಕ್ಕೂ ಅವನ ಮೈಗೂ ನಡುವೆ ಇರುವುದು ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗಿನ ಜಾಗ. ಆ ಜಾಗವನ್ನು ಒಂದೊಂದು ಕಾಲ ಒಂದೊಂದು ವಸ್ತುವಿನಿಂದ ತುಂಬಿತು: ಒಮ್ಮೆ ಬರೀ ಬೆತ್ತದ ಬುಟ್ಟಿ, ಒಮ್ಮೆ ರೇಷ್ಮೆಯ ಪ್ಯಾರಾಚೂಟ್, ಒಮ್ಮೆ ರಬ್ಬರ್ ದೋಣಿ, ಒಮ್ಮೆ ತೋಪಿನ ಮದ್ದು. ಕೂತವನ ಜೀವಕ್ಕೆ ಆಯಾ ಕಾಲದ ಸೇನೆ ಕಟ್ಟಿದ ಬೆಲೆಯನ್ನು ಅಲ್ಲಿ ಓದಿಕೊಳ್ಳಬಹುದು.

ಆ ಜಾಗದ ಇತಿಹಾಸವನ್ನು ಉದ್ದಕ್ಕೂ ನೋಡಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಜೀವ ಉಳಿಸುವ ಸಾಧನ ಪಕ್ಕದಲ್ಲಿ ಎಲ್ಲೋ ಇದ್ದರೆ ಅದು ಕೆಲಸಕ್ಕೆ ಬರುವುದು ಕಡಿಮೆ; ಕೂರುವ ಆಸನದ ಅಂಗವೇ ಆದಾಗ ಮಾತ್ರ ಅದು ಜೀವ ಉಳಿಸಿದೆ. ಹಾಗೆ ಅಂಗವಾದ ಮೇಲೂ ಅದಕ್ಕೆ ಇನ್ನೊಂದು ಬೇಕು, ಅದನ್ನು ಕೊನೆಯಲ್ಲಿ ನೋಡೋಣ. ಮೊದಲು ಕಥೆ ಎಲ್ಲಿಂದ ಹೊರಟಿತು ಎಂಬುದನ್ನು ಹುಡುಕಿದರೆ, ಅದು ನಮ್ಮ ಗಡಿಯ ಪಕ್ಕದಲ್ಲೇ, ಪಂಢರಪುರದ ದಾರಿಯಲ್ಲಿ ಸಿಗುತ್ತದೆ.

ಬಾರ್ಶಿ ರೈಲಿನ ಎಂಜಿನಿಯರ್

ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಲೈಟ್ ರೈಲ್ವೆ ಹಳೆಯ ತಲೆಮಾರಿನವರಿಗೆ ಗೊತ್ತಿರುವ ಹೆಸರು. ಎರಡೂವರೆ ಅಡಿ ಅಗಲದ ಹಳಿಯ ಈ ಸಣ್ಣ ರೈಲು 1897ರಲ್ಲಿ ಓಡಲು ತೊಡಗಿತು. ಮುಂದೆ ಪಂಢರಪುರಕ್ಕೂ ಲಾತೂರಿಗೂ ಮೀರಜಕ್ಕೂ ಚಾಚಿತು. ವಿಠೋಬನ ಜಾತ್ರೆಗೆ ಹೊರಟ ಎಷ್ಟೋ ಕನ್ನಡದ ವಾರಕರಿಗಳನ್ನು ಹೊತ್ತ ರೈಲು ಅದು. ಅದನ್ನು ಕಟ್ಟಿದ ಬ್ರಿಟಿಷ್ ಎಂಜಿನಿಯರ್ ಎವರಾರ್ಡ್ ಕ್ಯಾಲ್ತ್ರಾಪ್. 1910ರ ಜುಲೈನಲ್ಲಿ ಅವನ ಗೆಳೆಯ, ರೋಲ್ಸ್ ರಾಯ್ಸ್ ಕಂಪನಿಯ ಚಾರ್ಲ್ಸ್ ರೋಲ್ಸ್, ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ವಿಮಾನ ಮುರಿದು ಬಿದ್ದು ಸತ್ತ. ಆ ಸಾವು ಕ್ಯಾಲ್ತ್ರಾಪನನ್ನು ಹಳಿಯಿಂದ ಆಕಾಶಕ್ಕೆ ತಿರುಗಿಸಿತು. ವಿಮಾನದಿಂದ ಹಾರಿದವನು ಬದುಕಿ ಇಳಿಯಬೇಕು ಎಂದು ಹಟ ಹಿಡಿದು ಅವನು ರೂಪಿಸಿದ ಪ್ಯಾರಾಚೂಟಿಗೆ ‘ಗಾರ್ಡಿಯನ್ ಏಂಜೆಲ್’, ಅಂದರೆ ಕಾವಲು ದೇವತೆ, ಎಂದು ಹೆಸರಿಟ್ಟ. ಅದು ಕೆಲಸ ಮಾಡುತ್ತದೆಂದು ತೋರಿಸಲು 1917ರಲ್ಲಿ ಒಬ್ಬ ಅಧಿಕಾರಿ ಲಂಡನ್ನಿನ ಟವರ್ ಬ್ರಿಡ್ಜ್ ಮೇಲಿಂದಲೇ ಥೇಮ್ಸ್ ನದಿಗೆ ಹಾರಿ ತೋರಿಸಿದ.

ಆದರೂ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟ್ ಸಿಗಲಿಲ್ಲ. ಬಲೂನಿನಲ್ಲಿ ತೂಗಾಡುತ್ತ ಶತ್ರುವಿನ ತೋಪು ಎಲ್ಲಿದೆಯೆಂದು ನೋಡುವವರಿಗೆ ಸಿಕ್ಕಿತು, ಶತ್ರುವಿನ ನೆಲದಲ್ಲಿ ಇಳಿಸಬೇಕಾದ ಗೂಢಚಾರರಿಗೂ ಸಿಕ್ಕಿತು. ಬೆಂಕಿ ಹತ್ತಿದ ವಿಮಾನದಲ್ಲಿ ಕೂತವನಿಗೆ ಸಿಗಲಿಲ್ಲ. ಕೊಲ್ಕತ್ತದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಹದಿಮೂರೇ ದಿನದಲ್ಲಿ ಹತ್ತು ಶತ್ರು ವಿಮಾನಗಳನ್ನು ಗೆದ್ದ ಹುಡುಗ. ಅದೇ ಜುಲೈ 22ರಂದು ಫ್ರಾನ್ಸಿನ ಕಾರ್ವಾಂ ಊರಿನ ಮೇಲೆ ಅವನ ವಿಮಾನ ಉರಿಯುತ್ತ ಕೆಳಗೆ ಬಿತ್ತು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಅವನ ಕೆಳಗೆ ಇದ್ದದ್ದು ಆಸನ ಮಾತ್ರ.

ಪ್ಯಾರಾಚೂಟ್ ಕೊಡದಿರುವುದಕ್ಕೆ ಎರಡು ಕಾರಣಗಳನ್ನು ಹೇಳುತ್ತಿದ್ದರು. ಒಂದು, ಅದು ಭಾರ, ಅದನ್ನು ಇಡಲು ಜಾಗವಿಲ್ಲ. ಇನ್ನೊಂದು, ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಂಥದ್ದು: ಹಾರಿಕೊಳ್ಳಲು ದಾರಿಯಿದ್ದರೆ ಪೈಲಟ್ ವಿಮಾನವನ್ನು ಬೇಗ ಕೈಬಿಟ್ಟಾನು. ಮೊದಲ ಕಾರಣದಲ್ಲಿ ಹುರುಳಿತ್ತು ಎಂದು ಒಪ್ಪಬೇಕು. ಕ್ಯಾಲ್ತ್ರಾಪನ ಪ್ಯಾರಾಚೂಟ್ ವಿಮಾನದ ಹೊರಮೈಗೆ ಕಟ್ಟಿದ ಡಬ್ಬಿಯಲ್ಲಿತ್ತು. ಅಂದಿನ ಕಡ್ಡಿ-ಬಟ್ಟೆಯ ವಿಮಾನಗಳಿಗೆ ಹತ್ತು ಕಿಲೋ ಹೆಚ್ಚಾದರೂ ಏರುವ ವೇಗ ಇಳಿಯುತ್ತಿತ್ತು. ಮೇಲಿರುವವನು ಗೆಲ್ಲುವ ಕಾಳಗದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಈ ತೊಡಕಿಗೆ ಅದೇ ಯುದ್ಧದಲ್ಲಿ ಎದುರು ಪಕ್ಷದವರೇ ಉತ್ತರ ಕಂಡುಕೊಂಡರು. 1918ರಲ್ಲಿ ಜರ್ಮನ್ ಪೈಲಟ್‌ಗಳಿಗೆ ಸಿಕ್ಕ ಹೈನೆಕೆ ಪ್ಯಾರಾಚೂಟ್ ಒಂದು ಚೀಲದೊಳಗೆ ಮಡಚಿಕೊಂಡಿತ್ತು; ಪೈಲಟ್ ಆ ಚೀಲದ ಮೇಲೆಯೇ ಕೂರುತ್ತಿದ್ದ. ಜಾಗದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೇಗೂ ಒಂದು ಗಾದಿ ಬೇಕಿತ್ತು, ಪ್ಯಾರಾಚೂಟೇ ಗಾದಿಯಾಯಿತು.

ಎರಡನೆಯ ಕಾರಣಕ್ಕೂ ಉತ್ತರ ಅಲ್ಲೇ ಇದೆ. ಹೈನೆಕೆ ಪ್ಯಾರಾಚೂಟ್ ಒಳ್ಳೆಯದೇನೂ ಆಗಿರಲಿಲ್ಲ. ಅದನ್ನು ನಂಬಿ ಮೊದಲು ಹಾರಿದ 70 ಮಂದಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸತ್ತರು: ಹಗ್ಗ ಬಾಲಕ್ಕೆ ಸಿಕ್ಕಿತು, ಪಟ್ಟಿ ಕಿತ್ತುಬಂತು. ಅಂದರೆ ಮೂರನೇ ಎರಡು ಪಾಲು ಬದುಕಿದರು. ಅವರಲ್ಲಿ ಒಬ್ಬ ಎರ್ನ್ಸ್ಟ್ ಊಡೆಟ್. 1918ರ ಜೂನ್ ಕೊನೆಯಲ್ಲಿ ಅವನ ಪಟ್ಟಿ ವಿಮಾನದ ಚುಕ್ಕಾಣಿಗೆ ಸಿಕ್ಕಿಕೊಂಡು, ಬಿಡಿಸಿಕೊಂಡು ಪ್ಯಾರಾಚೂಟ್ ಬಿಚ್ಚುವ ಹೊತ್ತಿಗೆ ನೆಲ ಕೆಲವೇ ನೂರು ಅಡಿ ದೂರವಿತ್ತು. ಅವನು ಮತ್ತೆ ಹಾರಿದ, ಮತ್ತೆ ಕಾದಿದ, ಯುದ್ಧ ಮುಗಿಯುವಾಗ ಬದುಕಿದ್ದ ಜರ್ಮನ್ ಪೈಲಟ್‌ಗಳಲ್ಲಿ ಅತಿ ಹೆಚ್ಚು ಗೆಲುವು ಅವನದೇ. ಹಾರಿಕೊಳ್ಳಲು ದಾರಿ ಸಿಕ್ಕಿದ್ದರಿಂದ ಅವನು ಹೇಡಿಯಾಗಲಿಲ್ಲ. ಅವನ ಸೇನೆಗೆ ಒಬ್ಬ ಅನುಭವಿ ಪೈಲಟ್ ಉಳಿದ. ವಿಮಾನವನ್ನು ಕಾರ್ಖಾನೆಯಲ್ಲಿ ಕೆಲವು ವಾರದಲ್ಲಿ ಕಟ್ಟಬಹುದು, ಇಂಥವನನ್ನು ಕಟ್ಟಲು ವರ್ಷಗಳು ಬೇಕು. ಕರುಣೆಯನ್ನು ಬದಿಗಿಟ್ಟು ಬರೀ ಲಾಭ ನಷ್ಟದ ಲೆಕ್ಕ ಹಾಕಿದರೂ ಗಾದಿಯ ಕೆಳಗಿನ ರೇಷ್ಮೆ ಅಗ್ಗವೇ.

ಕೊಂಡಿ ಹಾಕದ ಗಾದಿ

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಪಾಠ ಯುರೋಪು ಅಮೆರಿಕಗಳಲ್ಲಿ ಇತ್ಯರ್ಥವಾಗಿತ್ತು. 1919ರ ಏಪ್ರಿಲ್ 28ರಂದು ಲೆಸ್ಲಿ ಇರ್ವಿನ್ ಎಂಬಾತ ವಿಮಾನಕ್ಕೆ ಯಾವ ಹಗ್ಗವನ್ನೂ ಕಟ್ಟಿಕೊಳ್ಳದೆ ಹಾರಿ, ಗಾಳಿಯಲ್ಲಿ ತಾನೇ ಹಿಡಿ ಎಳೆದು ಪ್ಯಾರಾಚೂಟ್ ಬಿಚ್ಚಿಸಿದ. ಅಲ್ಲಿಯವರೆಗೆ, ಹಾಗೆ ಬೀಳುವವನಿಗೆ ಅರ್ಧ ದಾರಿಯಲ್ಲೇ ಪ್ರಜ್ಞೆ ತಪ್ಪುತ್ತದೆಂದು ನಂಬಿದವರಿದ್ದರು. ಅವನ ಕಂಪನಿ ಮಾಡಿದ, 24 ಅಡಿ ಅಗಲಕ್ಕೆ ಬಿಚ್ಚಿಕೊಳ್ಳುವ ರೇಷ್ಮೆ ಕೊಡೆ ಮಣೆಯಗಲದ ಒಂದು ಚೀಲದಲ್ಲಿ ಅಡಗುತ್ತಿತ್ತು. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಆಸನವನ್ನು ನೋಡಿದವರಿಗೆ ಅದು ಬೋಗುಣಿಯ ಹಾಗೆ ಕಾಣುತ್ತದೆ: ತಳದಲ್ಲಿ ಗಾದಿಯಿಲ್ಲ, ಬರೀ ಗುಂಡಿ. ಆ ಗುಂಡಿ ಪ್ಯಾರಾಚೂಟ್ ಚೀಲದ ಅಳತೆಗೆ ಮಾಡಿದ್ದು. ಚೀಲವನ್ನು ಸೊಂಟದ ಕೆಳಗೆ ಕಟ್ಟಿಕೊಂಡು, ನಡೆಯುವಾಗ ಅದು ತೊಡೆಗೆ ಬಡಿಯುತ್ತ ಬರುವ ಪೈಲಟ್ ಕೂತಾಗ ಗುಂಡಿ ತುಂಬುತ್ತದೆ, ಕಣ್ಣು ಗುರಿ ನೋಡುವ ಗಾಜಿನ ಮಟ್ಟಕ್ಕೆ ಬರುತ್ತದೆ. ಪ್ಯಾರಾಚೂಟ್ ಬಿಟ್ಟು ಬಂದರೆ ಅವನು ಬಾವಿಯಲ್ಲಿ ಕೂತ ಹಾಗೆ. ಬರ್ಮಾ ಗಡಿಯ ಕಾಳಗದಲ್ಲಿ ನಮ್ಮ ವಾಯುಪಡೆಯ ಹುಡುಗರು ಹಾರಿಸಿದ ಹರಿಕೇನ್ ಸ್ಪಿಟ್‌ಫೈರ್‌ಗಳಲ್ಲೂ ಇದೇ ಏರ್ಪಾಡು. ಮರೆಯದಿರು ಎಂದು ಗೋಡೆಯ ಮೇಲೆ ಬರೆದು ಹಾಕುವ ಬದಲು, ಮರೆತರೆ ಕೂರಲಿಕ್ಕೇ ಆಗದ ಹಾಗೆ ಮಾಡಿದ್ದು ಆ ಆಸನದ ಜಾಣತನ.

ಇದಕ್ಕೆ ಹೋಲಿಸಲು ಅದೇ ಯುದ್ಧದಲ್ಲಿ, ಅದೇ ವಸ್ತುವಿನ ಇನ್ನೊಂದು ಬಳಕೆ ಸಿಗುತ್ತದೆ. ಜಪಾನಿನ ಹೆಸರಾಂತ ಝೀರೋ ವಿಮಾನದ ಪೈಲಟ್ ಸಬುರೊ ಸಕಾಯ್ ಯುದ್ಧದ ನಂತರ ಹೇಳಿಕೊಂಡ ಪ್ರಕಾರ, ಅವನ ತಂಡದ ಪ್ರತಿಯೊಬ್ಬನಿಗೂ ಪ್ಯಾರಾಚೂಟ್ ಕೊಟ್ಟಿದ್ದರು. ತೊಟ್ಟುಕೊಳ್ಳಬೇಡಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಶತ್ರುವಿನ ನೆಲದ ಮೇಲೆ ಕಾದಾಡುವಾಗ ಅವರು ಪಟ್ಟಿಗಳನ್ನು ಮೈಗೆ ಕಟ್ಟಿಕೊಳ್ಳದೆ, ಚೀಲವನ್ನು ಬರೀ ಗಾದಿಯಾಗಿ ಬಳಸಿದರು. ಪಟ್ಟಿ ಬಿಗಿದುಕೊಂಡರೆ ಕೈಕಾಲು ಚುರುಕಾಗಿ ಆಡುವುದಿಲ್ಲ, ಸೆರೆ ಸಿಕ್ಕುವುದಂತೂ ಸಾಧ್ಯವೇ ಇಲ್ಲ, ಮತ್ತೇಕೆ ಕೊಡೆ ಎಂಬುದು ಅವರ ತರ್ಕ. ಎರಡೂ ಸೇನೆಯ ಆಸನದಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಚೀಲ. ಒಂದು ಕಡೆ ಅದು ಪ್ಯಾರಾಚೂಟ್, ಇನ್ನೊಂದು ಕಡೆ ದಿಂಬು. ನಡುವೆ ಇದ್ದ ವ್ಯತ್ಯಾಸ ಒಂದು ಕೊಂಡಿ ಮಾತ್ರ. 1942ರ ಮಿಡ್‌ವೇ ಕಾಳಗದಿಂದ ಮುಂದೆ ಜಪಾನು ಪಳಗಿದ ಪೈಲಟ್‌ಗಳನ್ನು ಕಳೆದುಕೊಳ್ಳುತ್ತಲೇ ಹೋಯಿತು. ಅವರ ಜಾಗಕ್ಕೆ ಬಂದವರು ಅರೆಬರೆ ಕಲಿತ ಹುಡುಗರು. ಇದಕ್ಕೆ ಇಂಧನದ ಕೊರತೆ, ತರಬೇತಿಯ ಕೊರತೆ, ಗುಂಡು ತಡೆಯದ ಹಗುರ ವಿಮಾನ ಹೀಗೆ ಹಲವು ಕಾರಣ; ಎಲ್ಲವನ್ನೂ ಒಂದು ಕೊಂಡಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ಕಾರಣಗಳೆಲ್ಲ ಒಂದೇ ಮನೋಭಾವದ ಮಕ್ಕಳು: ಪೈಲಟ್ ಖರ್ಚಾಗುವ ಸಾಮಾನು ಎಂಬ ಮನೋಭಾವ. ಬಿಗಿಯದ ಕೊಂಡಿ ಅದರ ಅತಿ ಸಣ್ಣ, ಅತಿ ಸ್ಪಷ್ಟ ಗುರುತು.

ಈ ರೇಷ್ಮೆ ಚೀಲದ ಒಂದು ಎಳೆ ನಮ್ಮ ಊರಿಗೂ ಬರುತ್ತದೆ. ಜಪಾನು ಯುದ್ಧಕ್ಕಿಳಿದ ಮೇಲೆ ಅಲ್ಲಿಯ ರೇಷ್ಮೆ ಮಿತ್ರರಾಷ್ಟ್ರಗಳಿಗೆ ಬರುವುದು ನಿಂತಿತು. ಪ್ಯಾರಾಚೂಟಿಗಾಗಿ ಮೈಸೂರು ಸೀಮೆಯ ರೇಷ್ಮೆ ನೂಲಿಗೆ ಯುದ್ಧಕಾಲದ ಬೇಡಿಕೆ ಬಂತು. ಇರ್ವಿನ್ ಕಂಪನಿ ತನ್ನ ಪ್ಯಾರಾಚೂಟಿನಿಂದ ಬದುಕಿ ಇಳಿದವರಿಗೆಲ್ಲ ಒಂದು ಪುಟ್ಟ ಚಿನ್ನದ ಹುಳುವಿನ ಪಿನ್ನು ಕೊಡುತ್ತಿತ್ತು, ರೇಷ್ಮೆ ಹುಳುವಿಗೆ ಸಲ್ಲಿಸಿದ ಕೃತಜ್ಞತೆಯಾಗಿ. ‘ಕ್ಯಾಟರ್‌ಪಿಲ್ಲರ್ ಕ್ಲಬ್’ ಎಂಬ ಆ ಬಳಗದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 30 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಚಂದ್ರಂಕಿಯಲ್ಲಿ ಗೂಡು ಕಟ್ಟುವ ಹುಳುವನ್ನು ನೋಡುತ್ತ ಬೆಳೆದ ರಾಮನಗರ, ಕೊಳ್ಳೇಗಾಲದವರಿಗೆ ಈ ಪಿನ್ನಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಪಿನ್ನನ್ನು ಬರೀ ಜಾಹೀರಾತು ಎಂದು ತಳ್ಳಿಹಾಕದೆ ಇಟ್ಟುಕೊಳ್ಳಿ, ಕೊನೆಯಲ್ಲಿ ಅದು ಮತ್ತೆ ಬೇಕಾಗುತ್ತದೆ.

ಕೊಡೆಯ ಮೇಲೊಂದು ದೋಣಿ

ನೌಕಾಪಡೆಯ ವಿಮಾನದ ಮಾತು ಬಂದಾಗ ಲೆಕ್ಕ ಬದಲಾಗುತ್ತದೆ. ಕಡಲ ಮೇಲೆ ಪ್ಯಾರಾಚೂಟಿನಲ್ಲಿ ಇಳಿದವನಿಗೆ ನೆಲವಿಲ್ಲ. 1940ರ ಬ್ರಿಟನ್ ಕಾಳಗದಲ್ಲಿ ಸುರಕ್ಷಿತವಾಗಿ ಹಾರಿ ಇಂಗ್ಲಿಷ್ ಕಾಲುವೆಗೆ ಬಿದ್ದು ಚಳಿಗೆ ಸತ್ತ ಪೈಲಟ್‌ಗಳು ಇದನ್ನು ಕಲಿಸಿಕೊಟ್ಟರು. ಆಮೇಲೆ ಒಬ್ಬನೇ ಕೂರುವ ರಬ್ಬರ್ ದೋಣಿ ಬಂತು; ಅದನ್ನೂ ಮಡಚಿ ಎಲ್ಲಿಡುವುದು? ಮತ್ತೆ ಆಸನದ ಮೇಲೆಯೇ. ಕೆಳಗೆ ಪ್ಯಾರಾಚೂಟ್, ಅದರ ಮೇಲೆ ದೋಣಿ, ಅದರ ಮೇಲೆ ಪೈಲಟ್. ದೋಣಿಗೆ ಗಾಳಿ ತುಂಬುವ ಕಬ್ಬಿಣದ ಸಣ್ಣ ಸಿಲಿಂಡರ್ ಕೂಡ ಅದೇ ಮಡಿಕೆಯಲ್ಲಿ. ಅದು ಕುಂಡಿಗೆ ಒತ್ತುತ್ತದೆ ಎಂಬುದು ಆ ಕಾಲದ ಪೈಲಟ್‌ಗಳ ತಪ್ಪದ ಗೊಣಗಾಟ. ಸುಖಕ್ಕೂ ಸುರಕ್ಷೆಗೂ ಮೊದಲ ಜಗಳ ಶುರುವಾದದ್ದು ಇಲ್ಲಿ ಎನ್ನಬಹುದು.

ಜೆಟ್ ವಿಮಾನ ಬಂದ ಮೇಲೆ ಬರೀ ಪ್ಯಾರಾಚೂಟ್ ಸಾಲದಾಯಿತು. ಗಂಟೆಗೆ ಏಳುನೂರು ಕಿಲೋಮೀಟರ್ ವೇಗದಲ್ಲಿ ಎದ್ದು ನಿಂತು ಹಾರಲು ಗಾಳಿಯೇ ಬಿಡುವುದಿಲ್ಲ. ಬಿಟ್ಟರೂ ಬಾಲಕ್ಕೆ ಬಡಿಯುವುದು ಖಚಿತ. ಆಗ ಪೈಲಟ್‌ನನ್ನು ಆಸನ ಸಮೇತ ಮದ್ದಿನಿಂದ ಸಿಡಿಸಿ ಹೊರಗೆಸೆಯುವ ಉಪಾಯ ಬಂತು. ಜರ್ಮನಿಯಲ್ಲಿ 1942ರ ಜನವರಿಯಲ್ಲೇ ಒಬ್ಬ ಪರೀಕ್ಷಾ ಪೈಲಟ್ ಇಂಥ ಆಸನದಿಂದ ಬದುಕಿದ್ದ; ಅಲ್ಲಿ ಒತ್ತಿ ತುಂಬಿದ ಗಾಳಿ ಮದ್ದಿನ ಕೆಲಸ ಮಾಡಿತ್ತು. ಬ್ರಿಟನ್ನಿನಲ್ಲಿ ಮಾರ್ಟಿನ್-ಬೇಕರ್ ಕಂಪನಿಯ ಬರ್ನಾರ್ಡ್ ಲಿಂಚ್ 1946ರ ಜುಲೈ 24ರಂದು ಹಾರುವ ವಿಮಾನದಿಂದ ತನ್ನನ್ನೇ ಸಿಡಿಸಿಕೊಂಡು ಪರೀಕ್ಷೆ ಮಾಡಿದ. ನಮ್ಮ ಸೀ ಹಾಕ್‌ಗಳಲ್ಲಿ ಇದ್ದದ್ದು ಇದೇ ಕಂಪನಿಯ ಆಸನ. 300ನೇ ಸ್ಕ್ವಾಡ್ರನ್ 1960ರಲ್ಲಿ ಈ ವಿಮಾನಗಳೊಂದಿಗೆ ಬ್ರಿಟನ್ನಿನಲ್ಲೇ ಸೇವೆಗೆ ಸೇರಿತು. 1971ರ ಡಿಸೆಂಬರ್ 4ರಂದು ವಿಕ್ರಾಂತ್ ಹಡಗಿನಿಂದ ಎದ್ದು ಕಾಕ್ಸ್ ಬಜಾರಿನ ಮೇಲೆ ಎರಗಿದ್ದು ಇದೇ ವಿಮಾನ. ಮುಂದೆ ಆಸನ ಸುಧಾರಿಸಿದಂತೆ ಪ್ಯಾರಾಚೂಟ್ ಪೈಲಟ್‌ನ ಕೆಳಗಿಂದ ಬೆನ್ನಿಗೆ, ಬೆನ್ನಿಂದ ತಲೆಯ ಹಿಂದಿನ ಪೆಟ್ಟಿಗೆಗೆ ಏರಿತು. ದೋಣಿ ಮಾತ್ರ ಕೆಳಗೇ ಉಳಿಯಿತು. ದಾಬೋಳಿಯಿಂದ ಎದ್ದ ಸೀ ಹ್ಯಾರಿಯರ್ ಪೈಲಟ್ 1983ರಿಂದ 2016ರವರೆಗೂ ಕೂತದ್ದು, ಮಡಚಿದ ದೋಣಿ ತುಂಬಿದ ಗಟ್ಟಿ ಪೆಟ್ಟಿಗೆಯ ಮೇಲೆ. ಬೆಸ್ತರ ಊರಿನಲ್ಲಿ ಇದಕ್ಕಿಂತ ಯೋಗ್ಯ ಆಸನ ಯಾವುದಿದ್ದೀತು?

ಆಸನವನ್ನು ಯಾರಿಗೆ ಕೊಡುತ್ತೇವೆ ಎಂಬುದೂ ಬೆಲೆ ಕಟ್ಟುವುದೇ. ಗೋವೆಯ ವಿಮೋಚನೆಯ ದಿನವನ್ನೇ ತೆಗೆದುಕೊಳ್ಳಿ. 1961ರ ಡಿಸೆಂಬರ್ 18ರ ಬೆಳಿಗ್ಗೆ ಹನ್ನೆರಡು ಕ್ಯಾನ್‌ಬೆರಾ ವಿಮಾನಗಳು ಪುಣೆಯಿಂದ ಬಂದು ದಾಬೋಳಿಯ ರನ್‌ವೇ ಮೇಲೆ 63,000 ಪೌಂಡ್ ಬಾಂಬು ಸುರಿಸಿದವು; ಬೆಳಗಾವಿಯ ಸಾಂಬ್ರಾದಿಂದ ಎದ್ದ ಹಂಟರ್‌ಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ಹಂಟರಿನಲ್ಲಿ ಒಬ್ಬನೇ, ಅವನಿಗೆ ಸಿಡಿಯುವ ಆಸನ. ನಮ್ಮ ವಾಯುಪಡೆ ಬಾಂಬು ಹಾಕಲು ಕೊಂಡಿದ್ದ ಕ್ಯಾನ್‌ಬೆರಾ ಮಾದರಿಯಲ್ಲಿ ಇಬ್ಬರು: ಪೈಲಟ್‌ಗೆ ಸಿಡಿಯುವ ಆಸನ, ಮೂತಿಯೊಳಗೆ ದಾರಿ ಗುರಿ ನೋಡುವ ನ್ಯಾವಿಗೇಟರಿಗೆ ಅದಿಲ್ಲ, ಅವನು ಪ್ಯಾರಾಚೂಟ್ ಕಟ್ಟಿಕೊಂಡು ಬದಿಯ ಬಾಗಿಲಿಗೆ ತೆವಳಿ ಹಾರಬೇಕು. ಒಂದೇ ವಿಮಾನ, ಒಂದೇ ಅಪಾಯ, ಎರಡು ಬಗೆಯ ಅವಕಾಶ. ಗೋವೆಯಲ್ಲಿ ಎದುರಾಳಿಯ ಯುದ್ಧ ವಿಮಾನಗಳೇ ಇಲ್ಲದ್ದರಿಂದ ಆ ದಿನ ಈ ವ್ಯತ್ಯಾಸ ಯಾರನ್ನೂ ಬಲಿ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ನಂತರ ಅಂಥ ಅದೃಷ್ಟವಿರಲಿಲ್ಲ. 1971ರ ಡಿಸೆಂಬರ್ 10ರಂದು ನೌಕಾಪಡೆಯ ಒಂದು ಅಲಿಝೆ ವಿಮಾನವನ್ನು ಅರಬ್ಬಿ ಸಮುದ್ರದ ಮೇಲೆ ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದುರುಳಿಸಿತು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಮತ್ತು ಜೊತೆಗಿದ್ದ ಇಬ್ಬರು ಮರಳಲಿಲ್ಲ. ಜಲಾಂತರ್ಗಾಮಿಗಳನ್ನು ಹುಡುಕುತ್ತ ನೀರಿನ ಮೇಲೆ ತಗ್ಗಿನಲ್ಲಿ ಹಾರುವ, ಮೂವರು ಕೂರುವ ಆ ನಿಧಾನದ ವಿಮಾನದಲ್ಲಿ ಸಿಡಿಯುವ ಆಸನಗಳಿರಲಿಲ್ಲ. ಇದ್ದಿದ್ದರೆ ಹೊಡೆತ ಬಿದ್ದ ಮೇಲೆ ಬದುಕುತ್ತಿದ್ದರೇ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಇಷ್ಟು ಮಾತ್ರ ನಿಜ: ತಗ್ಗಿನಲ್ಲಿ ಹಾರುವವನಿಗೆ ಕಟ್ಟಿಕೊಂಡ ಪ್ಯಾರಾಚೂಟ್ ಬಿಚ್ಚುವಷ್ಟು ಎತ್ತರ ಇರುವುದಿಲ್ಲ, ಸಿಡಿಯುವ ಆಸನ ಆ ಎತ್ತರವನ್ನು ತಾನೇ ಮಾಡಿಕೊಡುತ್ತದೆ. ನೆಲದ ಮೇಲೆ ನಿಂತ ವಿಮಾನದಿಂದಲೂ ಬದುಕಿಸಬಲ್ಲ ರಾಕೆಟ್ ಆಸನವನ್ನು 1961ರಲ್ಲೇ ಮನುಷ್ಯನನ್ನು ಕೂರಿಸಿ ಪರೀಕ್ಷಿಸಿದ್ದರು.

ಮೆತ್ತನೆಯದರ ಅಪಾಯ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ಇಟ್ಟಿರಿ ಸರಿ, ಕೂತವನ ಸುಖ? ಗಂಟೆಗಟ್ಟಲೆ ಪೆಟ್ಟಿಗೆಯ ಮೇಲೆ ಕೂತವನ ಕಾಲು ಜೋಮು ಹಿಡಿದರೆ, ಸೊಂಟ ಸೆಳೆದರೆ, ಅವನು ಹಡಗಿನ ಮೇಲೆ ಇಳಿಯುವಾಗ ತಪ್ಪು ಮಾಡುವುದಿಲ್ಲವೇ? ಒಂದು ದಪ್ಪ ಮೆತ್ತೆ ಹಾಕಲು ಏನು ಕಷ್ಟ? ದಣಿವು ಅಪಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೆತ್ತೆ ಯಾಕೆ ಕೂಡದು ಎಂಬುದಕ್ಕೆ ಉತ್ತರ ಶಿಸ್ತಿನಲ್ಲಿ ಇಲ್ಲ, ಲೆಕ್ಕದಲ್ಲಿದೆ. ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಂಪು ದಾಟಿದವರಿಗೆಲ್ಲ ಇದು ಮೈಯಲ್ಲೇ ಗೊತ್ತು. ಸೀಟು ಮೇಲೆ ಬರುತ್ತದೆ, ಮೆತ್ತೆ ಮೊದಲು ಕುಸಿಯುತ್ತದೆ, ನಾವಿನ್ನೂ ಇದ್ದಲ್ಲೇ ಇರುತ್ತೇವೆ. ಮೆತ್ತೆ ಪೂರ್ತಿ ಕುಸಿದ ಕ್ಷಣ ಕೆಳಗಿನ ಹಲಗೆ ಓಡಿಬಂದು ಸೊಂಟಕ್ಕೆ ಗುದ್ದುತ್ತದೆ. ಮೆತ್ತೆಯಿಲ್ಲದ ಹಲಗೆ ಹೀಗೆ ಗುದ್ದುವುದಿಲ್ಲ, ಮೊದಲಿನಿಂದಲೇ ನಮ್ಮನ್ನು ಎತ್ತಿಕೊಂಡು ಏಳುತ್ತದೆ.

ಈಗ ಬಸ್ಸಿನ ಜಾಗದಲ್ಲಿ ಸಿಡಿಯುವ ಆಸನವನ್ನಿಡಿ. ಅದು ಗುರುತ್ವದ 15 ಪಟ್ಟು ಬಲದಲ್ಲಿ ಮೇಲೇಳುತ್ತದೆ ಎಂದುಕೊಳ್ಳೋಣ. 70 ಕಿಲೋ ತೂಗುವ ಪೈಲಟ್ ಆ ಕ್ಷಣದಲ್ಲಿ ಸಾವಿರ ಕಿಲೋ ದಾಟುತ್ತಾನೆ. ಅವನ ಕೆಳಗೆ ಐದು ಸೆಂಟಿಮೀಟರ್ ದಪ್ಪದ, ಒತ್ತಿದರೆ ಪೂರ್ತಿ ಅಡಗುವ ಹತ್ತಿಯ ಮೆತ್ತೆಯಿದೆ. ಆ ಐದು ಸೆಂಟಿಮೀಟರನ್ನು ಆಸನ ಒಬ್ಬಂಟಿಯಾಗಿ ಓಡಿ ಬರುತ್ತದೆ. ಐದನ್ನು ಹದಿನೈದರಿಂದ ಗುಣಿಸಿದರೆ ಎಪ್ಪತ್ತೈದು. ಅಂದರೆ ಪೈಲಟ್ 75 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ಹಲಗೆಯ ಮೇಲೆ ಕುಕ್ಕರಿಸಿ ಬಿದ್ದಷ್ಟೇ ಪೆಟ್ಟು, ಅದೂ ಸಿಡಿತದ ಒತ್ತಡದ ಮೇಲೆ ಹೆಚ್ಚುವರಿಯಾಗಿ. ಊಟದ ಮೇಜಿನ ಮೇಲಿಂದ ಜಾರಿ ನೆಲಕ್ಕೆ ಕೂತಂತೆ. ಅಸಲು ಮೆತ್ತೆ ಅಷ್ಟಿಷ್ಟು ತಡೆಯೊಡ್ಡುತ್ತದೆ, ಆಸನದ ಬಲವೂ ಒಮ್ಮೆಗೇ ಏರುವುದಿಲ್ಲ, ಆದ್ದರಿಂದ ಪೆಟ್ಟು ಇದಕ್ಕಿಂತ ಕಡಿಮೆಯೇ ಇರಬಹುದು. ಆದರೆ ದಿಕ್ಕು ಬದಲಾಗುವುದಿಲ್ಲ: ಮೆತ್ತೆ ದಪ್ಪವಾದಷ್ಟೂ, ಮೆದುವಾದಷ್ಟೂ ಬೆನ್ನುಮೂಳೆಗೆ ಅಪಾಯ ಹೆಚ್ಚು. ಕುಳ್ಳಗಿರುವ ಪೈಲಟ್ ಎತ್ತರಕ್ಕೆಂದು ಮನೆಯಿಂದ ಒಂದು ದಿಂಬು ತಂದು ಹಾಕಿಕೊಂಡರೆ ಅವನು ತನ್ನ ಬೆನ್ನಿಗೆ ತಾನೇ ಹೊಂಚು ಹಾಕಿದಂತೆ.

ಸೊಂಟದ ಮೂಳೆಗೆ ಬರುವ ಈ ಪೆಟ್ಟು ಕಾಲ್ಪನಿಕವಲ್ಲ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ 1965ರ ಸೆಪ್ಟೆಂಬರ್ 22ರಂದು, ಕದನ ವಿರಾಮಕ್ಕೆ ಇನ್ನೇನು ಕೆಲವೇ ಗಂಟೆ ಇರುವಾಗ, ಪಾಕಿಸ್ತಾನದ ಗುಂಡಿಗೆ ಸಿಕ್ಕ ಹಂಟರಿನಿಂದ ಸಿಡಿದು ಹೊರಬಂದರು. ಜೀವ ಉಳಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಯಾದರು. ಮರಳಿ ಬಂದು ಮತ್ತೆ ಹಾರಿದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಅಂಥ ಆಸನ ಬೆನ್ನು ಮುರಿಯುತ್ತದೆ, ಆದ್ದರಿಂದ ಬೇಡ ಎನ್ನುವವರಿಗೆ ಇದೇ ಉತ್ತರ: ಮುರಿದ ಬೆನ್ನಿಗೆ ಮದ್ದುಂಟು. ಆದರೆ ಆ ಪೆಟ್ಟನ್ನು ತಗ್ಗಿಸುವ ಹೊಣೆಯನ್ನು ಈ ಉತ್ತರ ತೆಗೆದುಹಾಕುವುದಿಲ್ಲ. ಅದಕ್ಕಾಗಿಯೇ ತೆಳ್ಳನೆಯ, ಮೆಲ್ಲಗೆ ಒತ್ತಿದರೆ ಬಗ್ಗುವ, ಜೋರಾಗಿ ಗುದ್ದಿದರೆ ಕಲ್ಲಾಗುವ ಫೋಮು ಬಂತು. 1966ರಲ್ಲಿ ಅಮೆರಿಕದ ನಾಸಾಕ್ಕಾಗಿ, ವಿಮಾನದ ಆಸನದ ಸುರಕ್ಷೆಗೆಂದು ಚಾರ್ಲ್ಸ್ ಯೋಸ್ಟ್ ಇಂಥದೊಂದನ್ನು ಮಾಡಿದ. ಸುಖ ಮತ್ತು ಸುರಕ್ಷೆ ಒಂದಕ್ಕೊಂದು ಶತ್ರುಗಳಲ್ಲ, ಎರಡಕ್ಕೂ ಒಟ್ಟಿಗೆ ತಲೆ ಖರ್ಚು ಮಾಡುವವರು ಬೇಕು ಎಂಬುದಕ್ಕೆ ಅದು ಸಾಕ್ಷಿ. ಅದೇ ಫೋಮು ಈಗ ‘ಮೆಮೊರಿ ಫೋಮ್’ ಹೆಸರಿನಲ್ಲಿ ಹಾಸಿಗೆ ಅಂಗಡಿಗಳಲ್ಲಿ ಮಾರಾಟವಾಗುತ್ತದೆ.

ಎಳೆಯುವ ಕೈ

ಹಾಗಾದರೆ ಎಲ್ಲವನ್ನೂ ಆಸನದೊಳಗೇ ಅಡಗಿಸಿದರೆ ಕೆಲಸ ಮುಗಿಯಿತೇ? ಮುಗಿಯುವುದಿಲ್ಲ ಎಂಬುದನ್ನೂ ಗೋವೆಯ ಕಡಲೇ ಹೇಳುತ್ತದೆ. ದಾಬೋಳಿಯ ನೌಕಾನೆಲೆ ಐಎನ್‌ಎಸ್ ಹಂಸದಲ್ಲಿ ಈಗಿರುವ ಮಿಗ್-29ಕೆ ವಿಮಾನದ ರಷ್ಯನ್ ಆಸನ ಜಗತ್ತಿನ ಉತ್ತಮ ಆಸನಗಳಲ್ಲಿ ಒಂದು. 2019ರ ನವೆಂಬರಿನಲ್ಲಿ ತರಬೇತಿಯ ಮಿಗ್ ಒಂದು ಹಕ್ಕಿಗಳಿಗೆ ಸಿಕ್ಕು ವೆರ್ಣಾ ಬಳಿಯ ಬಯಲಿಗೆ ಬಿತ್ತು; ಒಳಗಿದ್ದ ಇಬ್ಬರೂ ಸಿಡಿದು ಹೊರಬಂದು ಬದುಕಿದರು. ಮರುವರ್ಷ ಅದೇ ತಿಂಗಳಲ್ಲಿ ಇನ್ನೊಂದು ತರಬೇತಿ ವಿಮಾನ ಕಡಲಿಗೆ ಬಿತ್ತು. ಒಬ್ಬ ಪೈಲಟ್ ಸಿಕ್ಕಿದರು, ತರಬೇತುದಾರ ಕಮಾಂಡರ್ ನಿಶಾಂತ್ ಸಿಂಗ್ ಅವರ ದೇಹ ಹನ್ನೊಂದು ದಿನಗಳ ನಂತರ ಗೋವೆಯ ತೀರದಾಚೆ ಸಿಕ್ಕಿತು. ಒಂದೇ ಮಾದರಿಯ ವಿಮಾನ, ಒಂದೇ ಮಾದರಿಯ ಆಸನ. ಆಸನ ಅವಕಾಶ ಕೊಡುತ್ತದೆ, ಭಾಷೆ ಕೊಡುವುದಿಲ್ಲ.

ಆ ಅವಕಾಶವನ್ನು ಬಳಸಲು ಒಂದು ಕೈ ಹಿಡಿಯನ್ನು ಎಳೆಯಬೇಕು, ತಕ್ಕ ಕ್ಷಣದಲ್ಲಿ. ತಡವಾಗಿ ಎಳೆದದ್ದೇ ಸಾವಿಗೆ ಕಾರಣವಾದ ಅಪಘಾತಗಳು ಎಲ್ಲ ವಾಯುಪಡೆಗಳಲ್ಲೂ ಇವೆ. ಯಾಕೆ ತಡ? ಇನ್ನೊಮ್ಮೆ ಪ್ರಯತ್ನಿಸಿದರೆ ವಿಮಾನ ಸರಿಹೋದೀತು ಎಂಬ ಆಸೆ, ಕೆಳಗೆ ಊರಿದೆ ಎಂಬ ಚಿಂತೆ, ಕೋಟಿಗಟ್ಟಲೆಯ ವಿಮಾನ ಕಳೆದವನು ಎಂಬ ಹೆಸರು ಬಂದೀತೆಂಬ ಅಳುಕು. ಮೊದಲ ಎರಡು ಮೆಚ್ಚಬೇಕಾದವು. ಮೂರನೆಯದು ಮಾತ್ರ 1918ರ ಹಳೆಯ ಮಾತೇ: ಕೊಡೆ ಕೊಟ್ಟರೆ ವಿಮಾನ ಬಿಟ್ಟಾನು. ಆಗ ಅದು ಮೇಲಧಿಕಾರಿಯ ಬಾಯಲ್ಲಿತ್ತು, ಈಗ ಪೈಲಟ್‌ನ ತಲೆಯೊಳಗೆ ಇಳಿದಿದೆ. ಈಗ ಆ ಚಿನ್ನದ ಹುಳುವಿನ ಪಿನ್ನನ್ನು ನೆನಪಿಸಿಕೊಳ್ಳಿ. ಮಾರ್ಟಿನ್-ಬೇಕರ್ ಕಂಪನಿಯೂ ತನ್ನ ಆಸನದಿಂದ ಬದುಕಿದವರಿಗೆಂದು 1957ರಿಂದ ಒಂದು ಟೈ ಕ್ಲಬ್ ನಡೆಸುತ್ತಿದೆ. ಅದರ ಆಸನಗಳು ಉಳಿಸಿದ ಜೀವಗಳ ಎಣಿಕೆ ಏಳು ಸಾವಿರ ದಾಟಿದೆ. ಒಂದು ಪಿನ್ನು, ಒಂದು ಟೈ, ಹುಡುಗಾಟಿಕೆಯಂತೆ ಕಂಡರೂ ಮಾಡುವ ಕೆಲಸ ದೊಡ್ಡದು: ಹಾರಿ ಬಂದದ್ದು ಸೋಲಲ್ಲ, ಹೆಮ್ಮೆಯಿಂದ ಎದೆಗೆ ಸಿಕ್ಕಿಸಿಕೊಳ್ಳಬಹುದಾದ ಸಂಗತಿ ಎಂದು ಎಲ್ಲರೆದುರು ಹೇಳುತ್ತವೆ. ಆಸನ ಬೇಕು, ಜೊತೆಗೆ ಈ ಅನುಮತಿಯೂ ಬೇಕು.

ಈ ವಾದ ಪೈಲಟ್‌ಗಳಿಗೆ ಮಾತ್ರ ಎಂದುಕೊಂಡರೆ ಬೊಗ್ಮಾಲೊದಿಂದ ಹೊರಡುವ ರಸ್ತೆಯನ್ನೇ ನೋಡಬಹುದು. ಬಾಡಿಗೆ ಸ್ಕೂಟರಿನ ಹೆಲ್ಮೆಟ್ ಮೊಣಕೈಗೆ ನೇತಾಡುತ್ತಿರುತ್ತದೆ, ಇಲ್ಲವೇ ಕಾಲ ಬಳಿ ಕೂತಿರುತ್ತದೆ. ಕಾರಿನಲ್ಲಿ ಬೆಲ್ಟು ಹಾಕದಿದ್ದರೆ ಕಿರುಗುಟ್ಟುವ ಸದ್ದಿನ ಬಾಯಿ ಮುಚ್ಚಿಸಲು ಬರೀ ಕೊಂಡಿಯನ್ನಷ್ಟೇ ಕೊಂಡು ತಂದು ಸಿಕ್ಕಿಸಿ, ಬೆಲ್ಟನ್ನು ಬೆನ್ನ ಹಿಂದೆ ಬಿಟ್ಟು ಕೂರುವವರಿದ್ದಾರೆ. ಝೀರೋ ವಿಮಾನದ ಹುಡುಗರಿಗೆ ಕನಿಷ್ಠ ಒಂದು ಯುದ್ಧವಿತ್ತು, ಸೆರೆ ಸಿಕ್ಕಬಾರದೆಂಬ ಹಟವಿತ್ತು. ಮಡಗಾಂವಿನ ಟ್ರಾಫಿಕ್ಕಿನಲ್ಲಿ ಬೆಲ್ಟಿನ ಮೇಲೆ ಒರಗಿ ಕೂತವನಿಗೆ ಅದೂ ಇಲ್ಲ. ಅವನ ಬೆನ್ನಿಗೆ ತಾಗಿಕೊಂಡೇ ಇದೆ ಜೀವ ಉಳಿಸುವ ಪಟ್ಟಿ, ಸದ್ಯಕ್ಕೆ ಅವನಿಗದು ಒರಗುವ ದಿಂಬು.